ಗಟ್ಟಿ ಕಲ್ಲಿನ ನಾಡಿನಲ್ಲಿ ಗವಿ ಹುಟ್ಟುವುದು ಹೇಗೆ?

ಸಂತೆಮರಹಳ್ಳಿಯ ನಮ್ಮ ಹಳೆಯ ಹೊಲದಲ್ಲಿ ಒಂದು ತೆರೆದ ಬಾವಿ ಇದೆ. ನೀರು ಬತ್ತಿ ಇಪ್ಪತ್ತು ವರ್ಷದ ಮೇಲಾಯಿತು. ಬೋರ್‌ವೆಲ್ ಬಂದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲು ಹಿಡಿದು ಇಳಿದು, ಗೋಡೆಯನ್ನೇ ನೋಡುತ್ತ ನಿಂತೆ. ಮೇಲಿನ ಐದಾರು ಅಡಿ ಕೆಂಪು ಮಣ್ಣು. ಅದರ ಕೆಳಗೆ ಗರಸು. ಉಗುರಿನಿಂದ ಕೆರೆದರೆ ಉದುರುತ್ತದೆ, ಆದರೆ ಕಲ್ಲಿನ ಬಿಳಿ-ಕಪ್ಪು ಪಟ್ಟೆಗಳು ಅದರೊಳಗೆ ಹಾಗೇ ಉಳಿದಿವೆ. ಇನ್ನೂ ಕೆಳಗೆ, ಗರಸಿನ ನಡುವೆ ಮೊದಲು ಕುಂಬಳಕಾಯಿಯಷ್ಟು, ಆಮೇಲೆ ಗಾಡಿಯ ಚಕ್ರದಷ್ಟು ದೊಡ್ಡ ಗುಂಡುಗಳು. ಒಂದೊಂದರ ಸುತ್ತಲೂ ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆ. ತಳದಲ್ಲಿ ಒಂದೇ ಬಂಡೆ, ಅದರಲ್ಲಿ ಓರೆಯಾಗಿ ಓಡಿದ ಎರಡು ಬಿರುಕು. ಹಿಂದೆ ನೀರು ಬರುತ್ತಿದ್ದದ್ದು ಆ ಬಿರುಕುಗಳಿಂದಲೇ. ಎರಡು ಗುಂಡುಗಳ ನಡುವೆ ಗರಸು ಉದುರಿ ಮೊಣಕೈವರೆಗೆ ತೋಳು ಹಿಡಿಸುವಷ್ಟು ಪೊಳ್ಳಾಗಿತ್ತು. ಕೈ ಹಾಕಿದೆ, ಒಳಗೆ ತಣ್ಣಗಿತ್ತು.

ಅದೂ ಒಂದು ಗವಿಯೇ. ನಮ್ಮ ನಾಡಿನ ಗವಿಗಳ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದಿರುವ ಚರ್ಚೆ ಆ ಪೊಳ್ಳಿನ ಸುತ್ತಲೇ ಇದೆ. ಶಾಲೆಯಲ್ಲಿ ನಾವು ಕಲಿತ ಗವಿ ಸುಣ್ಣಕಲ್ಲಿನದು: ಮಳೆನೀರು ಕಲ್ಲನ್ನು ಕರಗಿಸುತ್ತದೆ, ಗವಿ ಆಗುತ್ತದೆ. ಕರ್ನಾಟಕದ ಬಹುಪಾಲು ನೆಲದಲ್ಲಿ ಸುಣ್ಣಕಲ್ಲೇ ಇಲ್ಲ. ನೈಸ್, ಗ್ರಾನೈಟು, ಚಾರ್ನಕೈಟು, ಜಂಬಿಟ್ಟಿಗೆ ಇಂಥವೇ ಇಲ್ಲಿನ ಕಲ್ಲುಗಳು, ಇವು ನೀರಿನಲ್ಲಿ ಸಕ್ಕರೆಯ ಹಾಗೆ ಕರಗುವಂಥವಲ್ಲ. ಆದರೂ ಬೆಟ್ಟ ಬೆಟ್ಟಕ್ಕೂ ಒಂದು ಗವಿ, ಗವಿಗೊಂದು ದೇವರು. ಹಾಗಾದರೆ ಇವು ಹುಟ್ಟಿದ್ದು ಹೇಗೆ?

ಪ್ರಶ್ನೆ ಬೆಳೆದು ಬಂದ ದಾರಿ

ದಕ್ಷಿಣ ಭಾರತದ ಗವಿಗಳಿಗೆ ಭೂವಿಜ್ಞಾನಿಯೊಬ್ಬರು ಅಳತೆಪಟ್ಟಿ ಹಿಡಿದು ಇಳಿದದ್ದು 1884ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳನ್ನು ಅಗೆಸಿದರು. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿಯ ಸಲಹೆಯ ಮೇರೆಗೆ ಮದ್ರಾಸಿನ ಗವರ್ನರ್ ಆ ಕೆಲಸ ಮಾಡಿಸಿದ್ದರು. ಹುಡುಕಿದ್ದು ಹಳೆಯ ಪ್ರಾಣಿಗಳ ಮೂಳೆ, ಆದಿಮಾನವನ ಕುರುಹು. ಗವಿ ಹೇಗಾಯಿತು ಎನ್ನುವುದು ಅವರ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಅದೇ ಸುತ್ತಿನಲ್ಲಿ ಅವರು ಗುರುತಿಸಿದ ಬೇಲಂ ಗವಿಯನ್ನು ಜರ್ಮನಿಯ ಡೇನಿಯಲ್ ಗೆಬಾವರ್ ತಂಡ ಸರಿಯಾಗಿ ಅಳೆದದ್ದು ನೂರು ವರ್ಷದ ನಂತರ, 1982-83ರಲ್ಲಿ. ಅದರ ಉದ್ದ 3,229 ಮೀಟರ್.

ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂವಿಜ್ಞಾನ ಇಲಾಖೆ ಶುರುವಾಯಿತು. ಮೊದಲ ಮುಖ್ಯಸ್ಥರು ಇದೇ ಫೂಟ್. ಆ ಇಲಾಖೆ ಹುಟ್ಟಿದ್ದು ಚಿನ್ನ, ಕಬ್ಬಿಣ, ಮ್ಯಾಂಗನೀಸು ಹುಡುಕಲು. ಬೆಟ್ಟದ ಗವಿಗಳು ಅದಿರಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೀಗಾಗಿ ನಮ್ಮಲ್ಲಿ ಗವಿಗಳ ವಿಚಾರ ಮೂರು ಕಡೆ ಹಂಚಿಹೋಯಿತು: ಸುಣ್ಣಕಲ್ಲಿನವು ರಸಾಯನ ಬಲ್ಲವರ ಪಾಲಿಗೆ, ಗ್ರಾನೈಟಿನವು ಭೂರೂಪ ಓದುವವರ ಪಾಲಿಗೆ, ಜಂಬಿಟ್ಟಿಗೆಯವು ನೀರಿನ ತಜ್ಞರ ಪಾಲಿಗೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದದ್ದು ಕಡಿಮೆ. ಈ ಲೇಖನ ಆ ಮೂರನ್ನೂ ಒಂದೇ ಜಗಲಿಯಲ್ಲಿ ಕೂರಿಸುವ ಪ್ರಯತ್ನ. ಜೊತೆಗೆ ನಾಲ್ಕನೆಯ ಸಾಕ್ಷಿಯೊಂದಿದೆ, ಮನುಷ್ಯ ಕೊರೆದು ಬಿಟ್ಟುಹೋದ ಸುರಂಗಗಳು.

ಕರಗುವ ಕಲ್ಲು

ಸುಣ್ಣಕಲ್ಲಿನ ವಾದ ಎಲ್ಲಕ್ಕಿಂತ ಹಳೆಯದು, ಗಟ್ಟಿಯಾದದ್ದು. ಮಣ್ಣಿನಲ್ಲಿ ಬೇರು ಮತ್ತು ಜೀವಾಣುಗಳು ಬಿಡುವ ಇಂಗಾಲದ ಡೈಆಕ್ಸೈಡು ಮಳೆನೀರಿಗೆ ಸೇರಿ ಸೌಮ್ಯ ಆಮ್ಲವಾಗುತ್ತದೆ. ಆ ನೀರು ಬಿರುಕಿನ ದಾರಿಯಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುತ್ತದೆ. ಗವಿಯ ಚಾವಣಿಯಲ್ಲಿ ಗಾಳಿ ತಾಗಿದಾಗ ಅನಿಲ ಹೊರಟುಹೋಗಿ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ದಾಂಡೇಲಿ ಬಳಿಯ ಕವಳಾ ಗವಿಯ ಲಿಂಗ ಹೀಗೆ ತೊಟ್ಟು ತೊಟ್ಟಾಗಿ ಬೆಳೆದದ್ದು. ಯಾಣದ ಕಪ್ಪು ಶಿಖರಗಳನ್ನೂ ಕರಗಿ ಉಳಿದ ಸುಣ್ಣಕಲ್ಲೆಂದೇ ಬರೆಯುತ್ತಾರೆ. ಅಲ್ಲಿನ ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್, ಮೋಹಿನಿ ಶಿಖರದ್ದು 90.

ಈ ವಾದದೊಳಗೇ ಒಂದು ಹಳೆಯ ಜಗಳವಿದೆ. 1930ರಲ್ಲಿ ಅಮೆರಿಕದ ವಿಲಿಯಂ ಮಾರಿಸ್ ಡೇವಿಸ್, ಗವಿಗಳು ನೀರಿನ ಮಟ್ಟಕ್ಕಿಂತ ಎಷ್ಟೋ ಆಳದಲ್ಲಿ, ಪೂರ್ತಿ ಮುಳುಗಿದ್ದಾಗಲೇ ಕರಗಿ ಆಗುತ್ತವೆ ಎಂದರು. ಎರಡೇ ವರ್ಷದಲ್ಲಿ ಸ್ವಿನ್ನರ್ಟನ್, ಇಲ್ಲ, ನೀರಿನ ಮಟ್ಟದ ಅಂಚಿನಲ್ಲೇ ಎಂದರು. 1978ರಲ್ಲಿ ಫೋರ್ಡ್ ಮತ್ತು ಯೂವರ್ಸ್ ಇಬ್ಬರಿಗೂ ಜಾಗ ಮಾಡಿಕೊಟ್ಟರು: ಕಲ್ಲಿನಲ್ಲಿ ಬಿರುಕು ವಿರಳವಾಗಿದ್ದರೆ ನೀರು ಆಳಕ್ಕೆ ಹೋಗಿ ಸುತ್ತಿ ಬರಬೇಕು, ಬಿರುಕು ದಟ್ಟವಾಗಿದ್ದರೆ ಮಟ್ಟದಲ್ಲೇ ದಾರಿ ಸಿಗುತ್ತದೆ. ಅಂದರೆ ಗವಿಯ ಆಕಾರವನ್ನು ನಿಶ್ಚಯಿಸುವುದು ಬಿರುಕಿನ ಸಾಂದ್ರತೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಸುಣ್ಣಕಲ್ಲಿನ ಆಚೆಗೂ ಇದು ನಡೆಯುತ್ತದೆ.

ಈ ಗವಿಗಳು ಕೊಟ್ಟ ಇನ್ನೊಂದು ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ. ಉತ್ತರ ಕನ್ನಡದ ಅಕಳಗವಿಯಿಂದ ತಂದ ಒಂದು ಸುಣ್ಣದ ಕಂಬವನ್ನು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಯಾದವ, ರಮೇಶ್ ಮತ್ತವರ ಸಂಗಡಿಗರು ಪದರ ಪದರವಾಗಿ ಪರೀಕ್ಷಿಸಿ, 331 ವರ್ಷದ ಮುಂಗಾರಿನ ಏರಿಳಿತವನ್ನು ಅದರಲ್ಲಿ ಓದಿದರು. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಮಳೆಮಾಪಕ ಬರುವುದಕ್ಕೆ ಎಷ್ಟೋ ಮೊದಲಿನ ಮಳೆಯ ಲೆಕ್ಕವನ್ನು ಒಂದು ಗವಿ ಬರೆದಿಟ್ಟಿತ್ತು. ಅಂಥ ಕಂಬವನ್ನು ಪ್ರವಾಸಿಗರು ನೆನಪಿಗೆಂದು ಮುರಿದು ಒಯ್ಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಗುಂಡು ಮತ್ತು ಸಿಪ್ಪೆ

ಈಗ ಗ್ರಾನೈಟಿಗೆ ಬರೋಣ. ರಾಮನಗರ, ಹಂಪಿ, ಕೊಪ್ಪಳ, ಕೋಲಾರದ ಅಂತರಗಂಗೆ ಎಲ್ಲ ಕಡೆಯ ಗವಿಗಳೂ ಹೆಚ್ಚಾಗಿ ಗುಂಡುಗಳ ನಡುವಿನ ಸಂದು, ಇಲ್ಲವೇ ಹಾಸುಬಂಡೆಯ ಅಡಿಯ ಪೊಳ್ಳು. ಅಂತರಗಂಗೆಯದು ಜ್ವಾಲಾಮುಖಿಯ ಕಲ್ಲೆಂದು ಪ್ರವಾಸದ ಪುಸ್ತಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಅದು ತಪ್ಪು. ಭೂಮಿಯ ಆಳದಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದ ಗ್ರಾನೈಟು-ನೈಸ್ ಬಂಡೆ ಅದು.

ಇಲ್ಲಿ ಎರಡು ದೊಡ್ಡ ವಾದಗಳಿವೆ. ಮೊದಲನೆಯದು ನನ್ನ ಬಾವಿಯ ಗೋಡೆಯ ವಾದ. ಬಂಡೆ ನೆಲದೊಳಗೆ ಹೂತಿದ್ದಾಗಲೇ ಬಿರುಕಿನ ದಾರಿಯಲ್ಲಿ ನೀರು ಇಳಿದು ಅದನ್ನು ಕೊಳೆಸುತ್ತದೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಾಗೆಬಂಗಾರ ಉಬ್ಬುತ್ತದೆ, ಗಟ್ಟಿ ಕಲ್ಲು ಗರಸಾಗುತ್ತದೆ. ನಾಲ್ಕು ಕಡೆ ಬಿರುಕು ಸುತ್ತುವರಿದ ತುಂಡಿನ ಮೂಲೆಗಳು ಮೊದಲು ಕೊಳೆತು, ನಡುವೆ ದುಂಡು ಗುಂಡು ಉಳಿಯುತ್ತದೆ. ಇದು ಮೊದಲ ಹಂತ. ಎರಡನೆಯ ಹಂತದಲ್ಲಿ ಮಳೆ, ಹೊಳೆ ಸೇರಿ ಗರಸನ್ನು ಕೊಚ್ಚಿಕೊಂಡು ಹೋಗುತ್ತವೆ. ಗುಂಡುಗಳು ಒಂದರ ಮೇಲೊಂದು ಕುಳಿತು, ಸಂದುಗಳು ಬರಿದಾಗುತ್ತವೆ. ಆ ಬರಿದಾದ ಸಂದೇ ಗವಿ. 1955ರಲ್ಲಿ ಡೇವಿಡ್ ಲಿಂಟನ್ ಇಂಗ್ಲೆಂಡಿನ ಡಾರ್ಟ್‌ಮೂರಿನ ಕಲ್ಲುಗುಡ್ಡೆಗಳಿಗೆ ಈ ಎರಡು ಹಂತದ ವಿವರಣೆ ಕೊಟ್ಟರು. 1957ರಲ್ಲಿ ಜರ್ಮನಿಯ ಜೂಲಿಯಸ್ ಬ್ಯೂಡೆಲ್ ಉಷ್ಣ ನಾಡುಗಳಿಗೆ ಅದನ್ನೇ ಇನ್ನಷ್ಟು ಹಿಗ್ಗಿಸಿ, ಮೇಲಿನ ನೆಲದ ಮಟ್ಟ ಒಂದು, ಒಳಗೆ ಕಲ್ಲು ಕೊಳೆಯುವ ಮಟ್ಟ ಇನ್ನೊಂದು, ಎರಡೂ ಒಟ್ಟಿಗೆ ಕೆಳಗಿಳಿಯುತ್ತವೆ ಎಂದರು. ಡಾರ್ಟ್‌ಮೂರಿನಲ್ಲಿ ಹಿಮದ ಕಾಲದ ಕೊರೆತವೇ ಕಾರಣವೆಂದು ವಾದಿಸಿದವರಿದ್ದರು. ಹಿಮ ಕಾಣದ ನಮ್ಮ ಸೀಮೆಯಲ್ಲೂ ಅಂಥವೇ ಗುಂಡುಗಳಿರುವುದು ಲಿಂಟನ್ ಕಡೆಗೆ ದೊಡ್ಡ ಸಾಕ್ಷಿ.

ಈ ವಾದಕ್ಕೆ ಕೊಪ್ಪಳದಲ್ಲಿ ನನಗೆ ಬಹಳ ಇಷ್ಟವಾದ ಪುರಾವೆಯಿದೆ. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಪಾಲ್ಕಿಗುಂಡು ಎಂದರೆ ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಹಾಗೆ ಕೂತ ಚಪ್ಪಟೆ ಕಲ್ಲು. ಸುಮಾರು 2,250 ವರ್ಷದ ಹಿಂದೆ ಉಳಿ ತಾಗಿದ ಅಕ್ಷರಗಳು ಇವತ್ತಿಗೂ ಓದಲು ಸಿಗುತ್ತವೆ. ಬಿಸಿಲು-ಮಳೆಗೆ ಒಡ್ಡಿಕೊಂಡ ಗ್ರಾನೈಟು ಅಷ್ಟು ನಿಧಾನವಾಗಿ ಸವೆಯುತ್ತದೆ. ಅದೇ ಕಲ್ಲು ಮಣ್ಣಿನೊಳಗಿದ್ದರೆ ಉಗುರಿಗೆ ಉದುರುತ್ತದೆ. ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ಮಣ್ಣು ಹಿಡಿದಿಟ್ಟ ನೀರು ವರ್ಷವಿಡೀ ಕಲ್ಲನ್ನು ತಿನ್ನುತ್ತದೆ. ಗನ್ನೆಲ್ ಮತ್ತು ಸಂಗಡಿಗರು 2007ರಲ್ಲಿ, ವಿಶ್ವಕಿರಣ ತಾಗಿ ಕಲ್ಲಿನಲ್ಲಿ ಹುಟ್ಟುವ ಬೆರಿಲಿಯಂ-10ರ ಲೆಕ್ಕ ಹಿಡಿದು ದಕ್ಷಿಣ ಭಾರತದ ಬಂಡೆಗಳ ಸವೆತ ಅಳೆದಾಗ ಬಂದದ್ದೂ ಇದೇ ದಿಕ್ಕಿನ ಉತ್ತರ: ಬೋಳು ಬಂಡೆಯ ಸವೆತ ಬಹಳ ನಿಧಾನ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮೀಟರ್.

ಎರಡನೆಯ ವಾದ ಸಿಪ್ಪೆಯದು. ಸಾವನದುರ್ಗದಂಥ ಬೋಳು ಬೆಟ್ಟಗಳಲ್ಲಿ ಗುಂಡಿಗಿಂತ ಹಾಸುಗಳು ಹೆಚ್ಚು. ಬೆಟ್ಟದ ಮೈಗೆ ಸಮನಾಗಿ ಬಿರುಕು ಬಿಟ್ಟು ಬಂಡೆ ಪದರವಾಗಿ ಏಳುತ್ತದೆ, ಪದರ ಜಾರಿದಲ್ಲಿ ಅಡಿಯಲ್ಲಿ ನೆರಳಿನ ಗವಿ ಉಳಿಯುತ್ತದೆ. 1904ರಲ್ಲಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಕ್ಯಾಲಿಫೋರ್ನಿಯಾದ ಬೆಟ್ಟಗಳನ್ನು ನೋಡಿ ಕೊಟ್ಟ ವಿವರಣೆ ಸರಳ. ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲಿನ ಮೇಲಿನ ಭಾರ ಸವೆದು ಹೋದಂತೆ ಕಲ್ಲು ಹಿಗ್ಗಿ ಸೀಳುತ್ತದೆ. ಒಪ್ಪದವರು ಕೇಳಿದ ಪ್ರಶ್ನೆಯೂ ಸರಿಯಾದದ್ದೇ: ಭಾರ ಇಳಿದ ಮಾತ್ರಕ್ಕೆ ಸೀಳುವುದಾದರೆ ಬಯಲಿನ ಬಂಡೆಗಳೂ ಹೀಗೇ ಸೀಳಬೇಕಿತ್ತಲ್ಲ? 2006ರಲ್ಲಿ ಸ್ಟೀಫನ್ ಮಾರ್ಟೆಲ್ ಲೆಕ್ಕ ಹಾಕಿ, ಅಡ್ಡಲಾಗಿ ಒತ್ತಡವಿರುವ ಬಂಡೆಯ ಮೇಲ್ಮೈ ಉಬ್ಬಾಗಿದ್ದರೆ ಮಾತ್ರ ಅದು ಮೇಲಕ್ಕೆ ಸಿಡಿದು ಪದರವಾಗುತ್ತದೆ ಎಂದರು. ದುಂಡು ಬೆಟ್ಟ ಸಿಪ್ಪೆ ಬಿಡುವುದೂ, ಬಯಲು ಬಿಡದಿರುವುದೂ ಇದರಿಂದ ಅರ್ಥವಾಗುತ್ತದೆ.

ನಮ್ಮ ಕಲ್ಲುಕುಟಿಗರಿಗೆ ಬಂಡೆಯ ಈ ಒಳಒತ್ತಡ ಕೈಯ ಅನುಭವ. ಹಾಸುಬಂಡೆಯ ಮೇಲೆ ಸೌದೆ ಹೊತ್ತಿಸಿ, ಬೆಂಕಿಯನ್ನು ನಿಧಾನ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತ ಹೋಗುತ್ತಾರೆ. ಸದ್ದು ಪೊಳ್ಳಾದಲ್ಲಿ ಪದರ ಬಿಟ್ಟಿದೆ ಎಂದರ್ಥ. ಆಮೇಲೆ ಚಾಣದ ಸಾಲು ಹೊಡೆದು ಚಪ್ಪಡಿ ಎತ್ತುತ್ತಾರೆ. ಬೆಂಗಳೂರಿನ ಕಲ್ಲುಗಣಿಯಲ್ಲಿ ಕಂಡ ಈ ಕೆಲಸವನ್ನು ವಾರ್ತ್ ಎಂಬ ಭೂವಿಜ್ಞಾನಿ 1895ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಗಿಲ್ಬರ್ಟ್‌ಗಿಂತ ಒಂಬತ್ತು ವರ್ಷ ಮೊದಲು.

ಎರಡು ವಾದಗಳಲ್ಲಿ ಯಾವುದು ಸರಿ? ನನ್ನ ತೀರ್ಮಾನ ಇಷ್ಟು: ಬಿರುಕು ದಟ್ಟವಾದಲ್ಲಿ ಗುಂಡಿನ ಗವಿ, ಬಿರುಕು ವಿರಳವಾದಲ್ಲಿ ಸಿಪ್ಪೆಯ ಗವಿ. ಫೋರ್ಡ್-ಯೂವರ್ಸ್ ಸುಣ್ಣಕಲ್ಲಿಗೆ ಹೇಳಿದ್ದು ಇಲ್ಲೂ ನಡೆಯುತ್ತದೆ. ಹಂಪಿಯ ಗುಡ್ಡೆಗಳಿಂದ ಸಾವನದುರ್ಗದ ಬೋಳಿಗೆ ಹೋದವರು ಈ ವ್ಯತ್ಯಾಸವನ್ನು ಕಣ್ಣಾರೆ ನೋಡಬಹುದು.

ಬಾದಾಮಿಯ ಮರಳುಗಲ್ಲನ್ನು ಇಲ್ಲಿ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯೂ ಅದರ ನೆರೆಯವೂ ಕಡೆದವು. ಆದರೆ ಹತ್ತಿರದ ಸಿಡಿಲಫಡಿಯಲ್ಲಿ, ಆದಿಮಾನವರು ಚಿತ್ರ ಬರೆದ ಕಲ್ಲಾಸರೆ ಪ್ರಕೃತಿಯದೇ. ಮರಳುಗಲ್ಲಿನಲ್ಲಿ ದೊಡ್ಡ ಗವಿ ಆಗುವುದಿಲ್ಲ ಎಂಬ ನಂಬಿಕೆಯೂ ಈಗ ಉಳಿದಿಲ್ಲ. ಮೇಘಾಲಯದಲ್ಲಿ 2018ರಲ್ಲಿ ಅಳೆದ ಕ್ರೆಮ್ ಪುರಿ ಗವಿ ಮರಳುಗಲ್ಲಿನದೇ, ಉದ್ದ ಸುಮಾರು 24.5 ಕಿಲೋಮೀಟರ್.

ಜಂಬಿಟ್ಟಿಗೆಯ ಒಡಲು

ಘಟ್ಟದ ಕೆಳಗೆ ಇಳಿದರೆ ಕಲ್ಲೇ ಬೇರೆ, ಮಾತೂ ಬೇರೆ. ಅಲ್ಲಿ ಕೆಂಪುಕಲ್ಲು, ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಇಟ್ಟಿಗೆಯ ಹಾಗೆ ಕತ್ತರಿಸುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟ್ ಎಂದು ಕರೆದರು. 1807ರ ಅವರ ಪುಸ್ತಕದಿಂದ ಆ ಹೆಸರು ಜಗತ್ತಿಗೆಲ್ಲ ಹೋಯಿತು. ಕಲ್ಲು ನಿಂತಲ್ಲೇ ಕೊಳೆತು ಉಳಿದದ್ದೋ, ಬೇರೆಡೆಯಿಂದ ಬಂದು ಅಂಟಿಕೊಂಡದ್ದೋ ಎಂಬ ವಾದ ಆಗಿನಿಂದ ನಡೆದಿದೆ. ನಮ್ಮ ಜಂಬಿಟ್ಟಿಗೆಯ ಬಹುಪಾಲು ನಿಂತಲ್ಲೇ ಆದದ್ದೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಸಂಡೂರಿನ ಮ್ಯಾಂಗನೀಸ್ ಗಣಿಗಳ ಅದಿರಿನಲ್ಲಿ ಆರ್ಗಾನ್ ಅಳೆದು ನೋಡಿದಾಗ, ಅಲ್ಲಿ ಕಲ್ಲು ಜೋರಾಗಿ ಕೊಳೆತ ಕಾಲ ಸುಮಾರು ಮೂರು ಕೋಟಿ ವರ್ಷದ ಆಜುಬಾಜು ಎಂದು ಗೊತ್ತಾಗಿದೆ.

ಜಂಬಿಟ್ಟಿಗೆಯ ಗವಿಗೆ ಕಾರಣ ಅದರ ಎರಡು ಪದರ. ಮೇಲೆ ಕಬ್ಬಿಣ ಹೆಪ್ಪುಗಟ್ಟಿದ ಗಟ್ಟಿ ಚಿಪ್ಪು, ಕೆಳಗೆ ಮೆತ್ತಗಿನ ಜೇಡಿ. ಮಳೆನೀರು ಚಿಪ್ಪಿನ ತೂತುಗಳಲ್ಲಿ ಇಳಿದು ಜೇಡಿಯನ್ನು ಕಣ ಕಣವಾಗಿ ಹೊರಕ್ಕೆ ಹೊತ್ತು ಒಯ್ಯುತ್ತದೆ, ಒಳಗೆ ಕೊಳವೆ ಬೆಳೆಯುತ್ತದೆ. ಇದನ್ನು ಮಣ್ಣಿನ ಪೈಪಿಂಗ್ ಎನ್ನುತ್ತಾರೆ. ಕೇರಳದ ಬೆಟ್ಟಗಳಲ್ಲಿ ಇದರಿಂದ ಮನೆ-ತೋಟಗಳ ಅಡಿ ನೆಲ ಕುಸಿದದ್ದನ್ನು ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ ಅಧ್ಯಯನ ಮಾಡಿದೆ. ದಕ್ಷಿಣ ಕನ್ನಡದ ನೆಲ್ಲಿತೀರ್ಥದ ಗುಹೆಯಲ್ಲಿ ಮೊಣಕಾಲೂರಿ ತೆವಳಿ ಹೋದವರ ಮೈಗೆ ಮೆತ್ತಿಕೊಳ್ಳುವ ಕೆಸರು ಈ ಜೇಡಿಯೇ.

ಇದೇ ಕಲ್ಲಿನಲ್ಲಿ ಕಾಸರಗೋಡಿನ, ಬಂಟ್ವಾಳದ ರೈತರು ನೀರಿಗಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ-ಎತ್ತರ, ಗುಡ್ಡದೊಳಕ್ಕೆ ಹೋಗುತ್ತ ತುಸು ಮೇಲೇರುವ ನೆಲ. ಮುಂದೆ ಪಿಕಾಸಿ ಹಿಡಿದವನು ಕುಕ್ಕರುಗಾಲಲ್ಲಿ ಕೂತು ಕಡಿಯುತ್ತಾನೆ, ಪಕ್ಕದಲ್ಲಿ ಮೇಣದಬತ್ತಿ. ಬತ್ತಿ ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು. ಗೋಡೆ ಬೆವರಲು ಶುರುವಾದರೆ ನೀರು ಹತ್ತಿರವಿದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಹೀಗೆ ಕೊರೆಯುತ್ತ ಹೋಗಿ, ಒಂದರ ಹಿಂದೊಂದು ಸುರಂಗ ಒಣಗಿದ್ದರೂ ಬಿಡದೆ ಕೊನೆಗೆ ನೀರು ಕಂಡರು, ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪತ್ರಕರ್ತ ಶ್ರೀಪಡ್ರೆ ಈ ಸುರಂಗಗಳ ಬಗ್ಗೆ ಬರೆಯದಿದ್ದರೆ ಘಟ್ಟದ ಮೇಲಿನ ನಮಗೆ ಇವುಗಳ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಈ ವಿದ್ಯೆ ಎಲ್ಲಿಂದ ಬಂತು ಎಂಬಲ್ಲಿ ಎರಡು ಪಂಗಡಗಳಿವೆ. ಪರ್ಷಿಯಾದ ಕನಾತ್ ಎಂಬ ನೆಲದಡಿಯ ಕಾಲುವೆಯ ಕಲ್ಪನೆ ಅರಬ್ಬೀ ವ್ಯಾಪಾರಿಗಳ ಜೊತೆ ಕರಾವಳಿಗೆ ಬಂತೆನ್ನುವವರು ಒಂದು ಕಡೆ. ಬೀದರಿನಲ್ಲಿ ಅದಕ್ಕೆ ಕಣ್ಣೆದುರಿನ ಆಧಾರವಿದೆ: ಬಹಮನಿ ಕಾಲದ ನೌಬಾದಿನ ಕರೇಜ್ ಪರ್ಷಿಯಾದ ಮಾದರಿಯದೇ, ಗಾಳಿಬಾವಿಗಳ ಸಾಲಿನೊಂದಿಗೆ ಜಂಬಿಟ್ಟಿಗೆಯಲ್ಲೇ ಕೊರೆದದ್ದು. ಕರಾವಳಿಯ ಸುರಂಗಗಳಲ್ಲಿ ಆ ಸಾಲು ಸಾಮಾನ್ಯವಾಗಿ ಇರುವುದಿಲ್ಲ, ಅಳತೆ ಚಿಕ್ಕದು, ಒಂದು ಮನೆಗೊಂದರಂತೆ ಇವೆ. ಇದನ್ನು ಮುಂದಿಟ್ಟು, ಕಲ್ಲು ಕಡಿಯುವ ಕೈಗಳೇ ಅಲ್ಲಿ ಸ್ವಂತವಾಗಿ ಕಂಡುಕೊಂಡ ವಿದ್ಯೆ ಇದು, ಅಡಿಕೆ ತೋಟ ಗುಡ್ಡ ಹತ್ತಿದಂತೆ ಹೆಚ್ಚಾಗಿ ಕಳೆದ ನೂರು ವರ್ಷಗಳಲ್ಲಿ ಬೆಳೆದದ್ದು ಎನ್ನುವವರು ಇನ್ನೊಂದು ಕಡೆ. ಅಳತೆಯ ವ್ಯತ್ಯಾಸ ನೋಡಿದರೆ ನನಗೆ ಎರಡನೆಯವರ ಮಾತೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಬಿಟ್ಟುಹೋದ ಗಣಿಗಳ ಸಾಕ್ಷಿ

ಪಾಳುಬಿದ್ದ ಸುರಂಗದಲ್ಲಿ ಗವಿಗಿಲ್ಲದ ಒಂದು ಗುಣವಿದೆ: ಅದರ ಹುಟ್ಟಿದ ದಿನ ಗೊತ್ತು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಗೂಡಲೂರು, ಅಲ್ಲಿಂದ ದೇವಾಲ, ಪಂದಲೂರು. 1880ರ ಹೊತ್ತಿಗೆ ಆಸ್ಟ್ರೇಲಿಯಾದಿಂದ ಬಂದ ಬ್ರೌ ಸ್ಮಿತ್ ಈ ವಯನಾಡು ಸೀಮೆಯ ಚಿನ್ನದ ಬಗ್ಗೆ ವರದಿ ಕೊಟ್ಟ ಮೇಲೆ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದವು. ಕೆಲವೇ ವರ್ಷದಲ್ಲಿ ಎಲ್ಲ ಮುಳುಗಿದವು. ಕೊರೆದ ಸುರಂಗಗಳು ಕಾಡಿನಲ್ಲಿ ಹಾಗೇ ಉಳಿದವು. ಅದೇ ಕಲ್ಲು, ಅದೇ ಮಳೆ, 140 ವರ್ಷ. ಗೋಡೆ ಎಷ್ಟು ಕೊಳೆತಿದೆ, ಎಲ್ಲಿ ಜಿನುಗು ಇದೆ, ಚಾವಣಿ ಯಾವ ಬಿರುಕಿನಲ್ಲಿ ಉದುರಿದೆ ಎಂದು ಅಳೆದರೆ ಗವಿ ಬೆಳೆಯುವ ವೇಗಕ್ಕೆ ಒಂದು ಅಂದಾಜು ಸಿಗುತ್ತದೆ. ಹತ್ತಿರದಲ್ಲಿ ಮೈಸೂರು-ನಂಜನಗೂಡು ನಡುವಿನ ಸಿಂಧುವಳ್ಳಿಯ ಹಳೆಯ ಕ್ರೋಮೈಟ್ ಗಣಿಯೂ ಅಂಥದೇ ಸಾಕ್ಷಿ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹಟ್ಟಿಯಿದೆ. ಅಲ್ಲಿನ ಪುರಾತನ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2,000 ವರ್ಷ. ಬಂಡೆಗೆ ಬೆಂಕಿ ಹಾಕಿ ನೀರು ಎರಚಿ ಒಡೆದ ಗುರುತುಗಳೂ ಅಲ್ಲಿವೆ.

ಕೋಲಾರದ ಚಿನ್ನದ ಗಣಿ ಕೊಟ್ಟ ಸಾಕ್ಷಿ ಬೇರೆ ಬಗೆಯದು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅದನ್ನು ನಡೆಸಿದ ವಿದ್ಯುತ್ತು 1902ರಲ್ಲಿ ನಮ್ಮ ಪಕ್ಕದ ಶಿವನಸಮುದ್ರದಿಂದ, ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹೋಯಿತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಅಲ್ಲಿನ ಬಂಡೆಸಿಡಿತ. ಸುರಂಗ ಕೊರೆದು ಒಂದು ಕಡೆಯ ಒತ್ತು ತೆಗೆದಾಗ ಕಲ್ಲು ಗುಂಡು ಹಾರಿದ ಹಾಗೆ ಸಿಡಿಯುತ್ತಿತ್ತು, ಮೇಲೆ ಊರಿನ ಗೋಡೆಗಳು ನಡುಗುತ್ತಿದ್ದವು. ಎಷ್ಟೋ ಕಾರ್ಮಿಕರ ಜೀವ ಹೋಯಿತು. ಕಲ್ಲಿನೊಳಗೆ ಒತ್ತಡ ಸೆರೆಯಾಗಿರುತ್ತದೆ ಎಂಬ ಸಿಪ್ಪೆಯ ವಾದಕ್ಕೆ ಇದಕ್ಕಿಂತ ದುಬಾರಿ ಪುರಾವೆ ಇಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು.

ನಮ್ಮ ಜಿಲ್ಲೆಯ ಕಲ್ಲು

ಸಂತೆಮರಹಳ್ಳಿಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಅದರ ಒಡಲು ಹೆಚ್ಚಾಗಿ ಚಾರ್ನಕೈಟು. ಕಲ್ಕತ್ತೆಯ ಜಾಬ್ ಚಾರ್ನಕನ ಗೋರಿಕಲ್ಲನ್ನು ನೋಡಿ ಥಾಮಸ್ ಹಾಲೆಂಡ್ 1893ರಲ್ಲಿ ಇಟ್ಟ ಹೆಸರದು. ಎಣ್ಣೆ ಹಚ್ಚಿದಂಥ ನೀಲಿಗಪ್ಪು ಬಣ್ಣದ ಈ ಕಲ್ಲಿನಲ್ಲಿ ನೀರಿನ ಅಂಶವಿರುವ ಖನಿಜ ಬಹಳ ಕಡಿಮೆ. ನೈಸ್ ಹೇಗೆ ಚಾರ್ನಕೈಟಾಗುತ್ತದೆ ಎನ್ನುವುದನ್ನು ಮೊದಲು ತೋರಿಸಿದ್ದು ನಮ್ಮ ಜಿಲ್ಲೆಯಾಚೆಯ ಕಬ್ಬಾಳದ ಕಲ್ಲುಗಣಿ. ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಅದನ್ನು ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ದನ್, ನ್ಯೂಟನ್ ಮತ್ತು ಹ್ಯಾನ್ಸನ್ 1982ರಲ್ಲಿ ಆಳದಿಂದ ಬಂದ ಇಂಗಾಲದ ಡೈಆಕ್ಸೈಡು ನೀರನ್ನು ಓಡಿಸಿತೆಂದರು. ಕಲ್ಲು ಅರೆಬರೆ ಕರಗಿದಾಗ ಆ ದ್ರವವೇ ನೀರನ್ನು ಹೀರಿಕೊಂಡಿತೆನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದೇ ಇರಲಿ, ಕಬ್ಬಾಳದಲ್ಲಿ ಕಪ್ಪು ಕಲೆಗಳು ಹರಡಿರುವುದು ಬಿರುಕು-ಸೀಳುಗಳ ಗುಂಟ. ನಮ್ಮ ಜಿಲ್ಲೆಯ ಹೆಸರಾಂತ ಕರಿಕಲ್ಲೂ ಹಾಗೆಯೇ, ಹಳೆಯ ಬಂಡೆಯ ಬಿರುಕಿನಲ್ಲಿ ಕರಗಿದ ಕಲ್ಲು ನುಗ್ಗಿ ಹೆಪ್ಪುಗಟ್ಟಿದ್ದು.

ಬಿರುಕನ್ನು ಮರೆತರೆ ಏನಾಗುತ್ತದೆ ಎನ್ನುವುದನ್ನೂ ಈ ಜಿಲ್ಲೆ ಕಂಡಿದೆ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು ಕೂಲಿಗೆ ಬಂದವರು ಸತ್ತರು.

ಒಳಗೆ ಹೋಗುವವರಿಗೆ

ಗವಿ ನೋಡುವ ಆಸೆ ಹುಟ್ಟಿದವರಿಗೆ ನಾಲ್ಕು ಮಾತು ಹೇಳಲೇಬೇಕು. ಬಂಡೀಪುರ, ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. ಅಲ್ಲಿನ ಕಲ್ಲುಪೊಟರೆ ಕರಡಿಯ ಮನೆ, ಚಿರತೆಯ ಮನೆ. ಪಾಳುಗಣಿಗೆ ಇಳಿಯುವ ಮಾತೇ ಬೇಡ. ದೇವಾಲದ ಸುರಂಗಗಳಲ್ಲಿ ಚಿನ್ನದ ಪುಡಿಗಾಗಿ ನುಸುಳಿ ಜೀವ ಕಳೆದುಕೊಂಡವರಿದ್ದಾರೆ. ಮೇಣದಬತ್ತಿ ಆಮ್ಲಜನಕ ಕಡಿಮೆಯಾದದ್ದನ್ನು ಮಾತ್ರ ಹೇಳುತ್ತದೆ, ವಿಷಗಾಳಿಯನ್ನು ಹೇಳುವುದಿಲ್ಲ. ಹಳೆಯ ಬಾವಿಗೂ ಈ ಮಾತು ಸಲ್ಲುತ್ತದೆ. ನಾನು ಇಳಿದದ್ದು ಅಗಲ ಬಾಯಿಯ, ಮೆಟ್ಟಿಲಿರುವ, ಪೂರ್ತಿ ಒಣಗಿದ ಬಾವಿಗೆ, ಮೇಲೆ ಹಗ್ಗ ಹಿಡಿದು ಇಬ್ಬರು ನಿಂತಿದ್ದರು.

ಬಾವಲಿಗಳಿದ್ದರೆ ಹಿಂದಕ್ಕೆ ಬನ್ನಿ. ಕೋಲಾರದ ಎಲೆಮೂಗಿನ ಬಾವಲಿಯನ್ನು ಹೊಸ ಜಾತಿಯೆಂದು 1994ರಲ್ಲಿ ಹೆಸರಿಸಿದರು. ಇಡೀ ಜಗತ್ತಿನಲ್ಲಿ ಅದು ಉಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗ್ರಾನೈಟು ಗವಿಯಲ್ಲಿ, ಸುಮಾರು ಇನ್ನೂರು ಮಾತ್ರ. ಸುತ್ತ ಕಲ್ಲು ಒಡೆಯುವ ಕೆಲಸ ಅದನ್ನು ಅಂಚಿಗೆ ತಂದಿತ್ತು.

ಇನ್ನೂ ಇತ್ಯರ್ಥವಾಗದ್ದು

ಬಿರುಕು ಮೊದಲು, ನೀರು ಆಮೇಲೆ ಎಂಬಲ್ಲಿ ಎಲ್ಲ ವಾದಗಳೂ ಕೂಡುತ್ತವೆ. ಕಗ್ಗಂಟು ಉಳಿದಿರುವುದು ಕಾಲದಲ್ಲಿ. ಸುಣ್ಣದ ಕಂಬಕ್ಕೆ ವಯಸ್ಸು ಹೇಳಬಹುದು, ಬೋಳು ಬಂಡೆಯ ಸವೆತ ಅಳೆಯಬಹುದು. ಗುಂಡುಗಳ ನಡುವಿನ ಸಂದಿನಿಂದ ಗರಸು ಯಾವಾಗ ಬರಿದಾಯಿತು ಎಂದು ಹೇಳುವ ಗಡಿಯಾರ ಇನ್ನೂ ಕೈಗೆ ಸಿಕ್ಕಿಲ್ಲ. ಹಂಪಿಯ ಗವಿ ಹತ್ತು ಸಾವಿರ ವರ್ಷದ್ದೋ ಹತ್ತು ಲಕ್ಷ ವರ್ಷದ್ದೋ ಎಂಬುದು ಅದಕ್ಕೇ ತೆರೆದ ಪ್ರಶ್ನೆ. ಬೀದರಿನ ಝರಣಿ ನರಸಿಂಹನ ಸುಮಾರು 300 ಮೀಟರಿನ ನೀರು ತುಂಬಿದ ಸುರಂಗದಲ್ಲಿ ಪ್ರಕೃತಿಯ ಕೆಲಸ ಎಷ್ಟು, ಉಳಿಯ ಕೆಲಸ ಎಷ್ಟು ಎಂಬುದೂ ತೀರ್ಮಾನವಾಗಿಲ್ಲ. ಯಾಣದ ಎರಡು ಶಿಖರಗಳು ಉಳಿದು ಸುತ್ತಲ ಕಲ್ಲು ಹೋದದ್ದೇಕೆ? ಬಿಳಿಗಿರಿಯ ಚಾರ್ನಕೈಟಿನಲ್ಲಿ ಹಂಪಿಯಂಥ ಗುಂಡಿನ ರಾಶಿ ಕಾಣದಿರುವುದಕ್ಕೆ ಕಲ್ಲಿನ ಒಣಗುಣ ಕಾರಣವೋ, ಬಿರುಕಿನ ಕೊರತೆಯೋ, ಮೇಲೆ ಹೊದ್ದ ಕಾಡೋ?

ಇವುಗಳಲ್ಲಿ ಕೊನೆಯ ಪ್ರಶ್ನೆಗಾದರೂ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಟ್ಟದ ತಪ್ಪಲಿನಿಂದ ಬಯಲಿನವರೆಗೆ ನಮ್ಮ ಹಳ್ಳಿಗಳ ತೆರೆದ ಬಾವಿಗಳಲ್ಲಿ ಮಣ್ಣಿನಿಂದ ಬಂಡೆಯವರೆಗಿನ ಪೂರ್ತಿ ಕಥೆ ಬಿಚ್ಚಿಕೊಂಡಿದೆ. ಈಗ ಅವುಗಳನ್ನು ಕಸ ಸುರಿದು, ಮಣ್ಣು ತುಂಬಿ ಮುಚ್ಚುತ್ತಿದ್ದಾರೆ. ನಿಮ್ಮ ಹೊಲದಲ್ಲಿ ಅಂಥ ಬಾವಿಯೊಂದು ಉಳಿದಿದ್ದರೆ, ಮುಚ್ಚುವ ಮುನ್ನ ಮೇಲಿನಿಂದಲೇ ನಾಲ್ಕು ಗೋಡೆಗಳ ಫೋಟೊ ತೆಗೆಯಿರಿ. ಮಣ್ಣು ಎಷ್ಟು ಅಡಿ, ಗರಸು ಎಷ್ಟು ಅಡಿ, ಗುಂಡು ಎಲ್ಲಿಂದ ಶುರು, ನೀರು ಯಾವ ದಿಕ್ಕಿನ ಬಿರುಕಿನಿಂದ ಬರುತ್ತಿತ್ತು ಎಂದು ಅದನ್ನು ತೋಡಿದ ಹಿರಿಯರನ್ನು ಕೇಳಿ ಬರೆದಿಡಿ. ಅವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ.